ಇಲ್ಲಿ ಯಾರೂ ಸೀಟಿ ಊದಲ್ವಾ?

"ಇಲ್ಲಿ ಕೂತ್ರೆ ಯಾರೂ ಸೀಟಿ ಊದಲ್ವಾ?"

ಮೈಸೂರಿನ ಯಜಮಾನರು ಶನಿವಾರ ಶಿನ್ನಾರ್ವಿಕ್ಸ್‌ಬೆರ್ಯೆಟ್ ಬಂಡೆ ಹತ್ತಿದ ಕೂಡಲೇ ಕೇಳಿದ್ದು ಇದು. ಕೆಳಗೆ ನೀರು, ಆಚೆ ದಡದಲ್ಲಿ ಸ್ಟಾಕ್‌ಹೋಮಿನ ಸಿಟಿ ಹಾಲ್ ಗೋಪುರ. ಅವರ ಕಣ್ಣು ಮಾತ್ರ ನಾವು ಹತ್ತಿ ಬಂದ ಕಾಲುದಾರಿಯ ಮೇಲೆ. ಬ್ಯಾಗು ತೊಡೆ ಮೇಲೆ, ಶೂ ಕಾಲಲ್ಲೇ, ಕೂತಂತೆಯೂ ಇಲ್ಲ, ಎದ್ದಂತೆಯೂ ಇಲ್ಲ.

"ಯಾರೂ ಊದಲ್ಲ ಅಪ್ಪಾ, ಆರಾಮಾಗಿ ಕೂತ್ಕೊಳ್ಳಿ" ಅಂದ ಮಗ, ಫೋನಿನಿಂದ ತಲೆ ಎತ್ತದೆ.

ಮಗ ಲಂಡನ್ನಿನವನು. ಅಪ್ಪ ಅಮ್ಮನಿಗೆ ಮೂರು ದಿನದಲ್ಲಿ ಊರು ತೋರಿಸಲು ಎಕ್ಸೆಲ್ ಶೀಟು ಮಾಡಿಕೊಂಡು ಬಂದಿದ್ದ. ಒಳ್ಳೆಯ ಹುಡುಗ, ಆದರೆ ಆ ಶೀಟಿನಲ್ಲಿ ಅಮ್ಮನ ಮಂಡಿಗೆ ಒಂದು ಕಾಲಮ್ಮೂ ಇರಲಿಲ್ಲ. ಪಿಕ್ನಿಕ್ಕಿನ ಸಾಮಾನಿಗೆ ಅವನು ಗುರುತು ಹಾಕಿಕೊಂಡಿದ್ದು ಓಸ್ಟರ್‌ಮಾಲ್ಮ್ ಮಾರುಕಟ್ಟೆಯನ್ನು. 1888ರ ಇಟ್ಟಿಗೆ ಕಟ್ಟಡ, ದುರಸ್ತಿಯಾಗಿ 2020ರಲ್ಲಿ ಮತ್ತೆ ತೆರೆದದ್ದು. ಒಳಗಿನ ಮರದ ಅಂಗಡಿಸಾಲು ನೋಡುವಂಥದ್ದೇ. ನೋಡಿ ಬರಬೇಕು, ಚೀಲ ತುಂಬಿಸಿಕೊಳ್ಳಲು ಹೋಗಬಾರದು. ಅಲ್ಲಿನ ದರಕ್ಕೆ ನಾಲ್ಕು ಜನರ ಊಟ ಹೊಂದಿಸುವ ಹೊತ್ತಿಗೆ ಜೇಬು ಹಗುರ.

ಚೀಲ ಹಿಡಿದು ಹೋಗಬೇಕಾದದ್ದು ಹೊತೋರ್ಯೆಟ್ ಚೌಕಕ್ಕೆ. ನೊಬೆಲ್ ಬಹುಮಾನ ಕೊಡುವ ಕನ್ಸರ್ಟ್ ಹಾಲಿನ ಮೆಟ್ಟಿಲೆದುರೇ ಹಣ್ಣು, ತರಕಾರಿ, ಹೂವಿನ ಸಂತೆ. ವ್ಯಾಪಾರಿಗಳು ಕೂಗಿ ಕೂಗಿ ಮಾರುತ್ತಾರೆ. ಮಾತೇ ಆಡದ ಈ ಊರಲ್ಲಿ ಆ ಕೂಗು ಕೇಳಿ ಅಮ್ಮನ ಮುಖ ಅರಳಿತು. ಭಾನುವಾರ ಹೋದರೆ ಹಣ್ಣಿಲ್ಲ, ಹಳೇ ಸಾಮಾನಿನ ಸಂತೆ ಇರುತ್ತೆ. ಸ್ಟ್ರಾಬೆರಿ, ಅಣಬೆ ಇಲ್ಲಿ ತೂಕಕ್ಕಲ್ಲ, ಲೀಟರ್ ಲೆಕ್ಕಕ್ಕೆ. "ನಮ್ಮ ಸೇರು, ಪಾವು ಇದ್ದ ಹಾಗೆ" ಅಂದರು ಅಮ್ಮ. ಒಂದು ಲೀಟರ್ ಸ್ಟ್ರಾಬೆರಿ ಅಂದರೆ ಹೆಚ್ಚುಕಮ್ಮಿ ಅರ್ಧ ಕೆಜಿ. ಡಬ್ಬಿಯ ತಳ ಎತ್ತಿ ನೋಡಬೇಕು, ಅಲ್ಲಿ ಕೆಂಪು ನೀರು ಕಂಡರೆ ವಾಪಸ್ ಇಡಬೇಕು. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ದರ ಇಳಿಯುತ್ತೆ, ಆದರೆ ಆ ಹಣ್ಣು ಅವತ್ತೇ ಮುಗಿಯಬೇಕು, ನಾಳೆಗೆ ನಿಲ್ಲಲ್ಲ. ಕಾರ್ಡ್ ಇದ್ದರೆ ಸಾಕು. ಸ್ವಿಶ್ ಅನ್ನೋದು ನಮ್ಮ ಫೋನ್ ಪೇ ಥರದ್ದೇ, ಆದರೆ ಇಲ್ಲಿನ ಬ್ಯಾಂಕ್ ಖಾತೆ ಬೇಕು, ಪ್ರವಾಸಿಗರಿಗೆ ದಕ್ಕಲ್ಲ. ಚೌಕದ ನೆಲದಡಿ ಹೊತೋರ್ಯೆಟ್ ಹಾಲ್ ಇದೆ. ಆಲಿವ್, ಚೀಸ್, ಫಲಾಫೆಲ್ ಅಲ್ಲಿ, ಸಸ್ಯಾಹಾರಿಗೆ ಮೋಸವಿಲ್ಲ.

ಮೋಸ ಸೂಪರ್ ಮಾರ್ಕೆಟ್ಟಿನಲ್ಲಿ. ಶುಕ್ರವಾರ ರಾತ್ರಿಯೇ ಮಗ ಒಂದು ನೀಲಿ ಟ್ಯೂಬು ತಂದಿಟ್ಟಿದ್ದ. ಟ್ಯೂಬಿನ ಮೇಲೆ ಹೊಂಬಣ್ಣದ ಕೂದಲಿನ ಪುಟ್ಟ ಹುಡುಗ ನಗುತ್ತಿದ್ದಾನೆ. "ಮಗೂ ಚಿತ್ರ ಇದ್ಯಲ್ರೀ, ಮಕ್ಕಳ ಚೀಸೇ ಇರ್ಬೇಕು" ಅಂತ ಅಮ್ಮ ಬ್ರೆಡ್ಡಿಗೆ ಹಚ್ಚಲು ಮುಚ್ಚಳ ತಿರುಗಿಸಿದರಂತೆ. ವಾಸನೆಗೇ ಗೊತ್ತಾಯಿತು, ಪುಣ್ಯ. ಅದು ಕಲ್ಲೆಸ್, ಕಾಡ್ ಮೀನಿನ ಮೊಟ್ಟೆಯ ಪೇಸ್ಟು, ಸ್ವೀಡನ್ನಿನ ಮನೆಮನೆಯ ತಿಂಡಿ. ಚೀಸ್ ಟ್ಯೂಬುಗಳೂ ಬೇರೆ ಇವೆ, ಅದರಲ್ಲೂ 'ರೇಕೂಸ್ಟ್' ಅಂದರೆ ಸಿಗಡಿ ಬೆರೆಸಿದ್ದು. ಚಿತ್ರ ನಂಬದೆ ಹಿಂಬದಿಯ ಸಣ್ಣಕ್ಷರ ಓದಬೇಕು: ರೋಮ್ ಅಂದರೆ ಮೀನಿನ ಮೊಟ್ಟೆ, ಎಗ್ ಅಂದರೆ ನಮ್ಮ ಮೊಟ್ಟೆ, ಫ್ಲೆಸ್ಕ್ ಹಂದಿ, ರೇಕೊರ್ ಸಿಗಡಿ. ಜೆಲಟಿನ್ನಿಗೆ ಜೆಲಟಿನ್ನೇ.

ಮೊಸರಿನದ್ದು ಇನ್ನೊಂದು ಕಥೆ. 'ಫಿಲ್‌ಮ್ಯೋಲ್ಕ್' ಪ್ಯಾಕೆಟ್ಟು ಹಾಲಿನ ಪ್ಯಾಕೆಟ್ಟಿನ ಅಣ್ಣತಮ್ಮ. ಕಾಫಿಗೆ ಸುರಿದರೆ ಒಡೆಯುತ್ತೆ, ಯಾಕಂದರೆ ಅದು ಹುಳಿ ಬಂದ ತೆಳು ಮೊಸರು. ಯೋಗರ್ಟಿನ ಡಬ್ಬಿಯಲ್ಲಿ 'ನಾಟುರೆಲ್' ಅಂತ ಇಲ್ಲದಿದ್ದರೆ ವೆನಿಲಾ ಸಕ್ಕರೆ ಸೇರಿರುವ ಸಾಧ್ಯತೆಯೇ ಹೆಚ್ಚು. ಮೊಸರನ್ನಕ್ಕೆ ನಾಲ್ಕು ಜನರ ಲೆಕ್ಕ ಹೀಗೆ: ಒಂದೂವರೆ ಕಪ್ 'ಗ್ರೋಟ್‌ರೀಸ್' ಅನ್ನುವ ಗುಂಡಕ್ಕಿ, ಅರ್ಧ ಕೆಜಿ ಟರ್ಕಿಶ್ ಯೋಗರ್ಟು, ಮೇಲೆ 3 ಡೆಸಿಲೀಟರ್, ಅಂದರೆ 300 ಮಿಲಿ ಫಿಲ್‌ಮ್ಯೋಲ್ಕ್. ಬಾಸ್ಮತಿ ಹಾಕಿದರೆ ಉದುರುದುರಾಗಿ ಬೇರೆಯೇ ನಿಲ್ಲುತ್ತೆ. ಕಲಸುವಾಗ ಪಾಯಸದಷ್ಟು ತೆಳ್ಳಗೆ ಕಂಡರೂ ಹೆದರಬಾರದು, ಬೆಟ್ಟ ಹತ್ತುವಷ್ಟರಲ್ಲಿ ಅನ್ನ ಕುಡಿದು ಗಟ್ಟಿಯಾಗುತ್ತೆ. ಚಟ್ನಿಪುಡಿ ಮೈಸೂರಿನಿಂದಲೇ ಬಂದಿತ್ತು. ಆ ಇಡೀ ಪ್ರವಾಸದಲ್ಲಿ ಮುಂದಾಲೋಚನೆ ಅಂತ ಇದ್ದದ್ದು ಅಮ್ಮನಿಗೆ ಮಾತ್ರ.

ಜಾಗದ ಆಯ್ಕೆ ಮಗನದ್ದೇ. ಸಿಂಕೆನ್ಸ್‌ಡಾಮ್ ಮೆಟ್ರೋದಿಂದ ಸ್ವಲ್ಪ ನಡಿಗೆ, 53 ಮೀಟರ್ ಎತ್ತರ. ಅಂಕಿ ಸಣ್ಣದು, ಮಂಡಿನೋವಿಗೆ ದೊಡ್ಡದು. ಬರೀ ಬಂಡೆ. ಅಂಚಿಗೆ ಕಂಬಿಯಿಲ್ಲ, ಮಳೆ ಬಿದ್ದ ದಿನ ಜಾರುತ್ತೆ, ಬಿಸಿಲಿದ್ದರೂ ಕಲ್ಲಿನ ತಂಡಿ ಬೆನ್ನಿಗೇರುತ್ತೆ. ದಪ್ಪ ಜಮಖಾನ ಇಲ್ಲದೆ ಹೋಗಬಾರದು. ವಯಸ್ಸಾದವರಿದ್ದರೆ ಫ್ರಿದ್‌ಹೆಮ್ಸ್‌ಪ್ಲಾನ್ ಹತ್ತಿರದ ರೋಲಾಂಬ್ಸ್‌ಹೋವ್ಸ್ ಪಾರ್ಕಿನ ಸಮತಟ್ಟು ಹುಲ್ಲೇ ಸರಿ. ಅಲ್ಲಿ ಬಾತುಕೋಳಿ ಜಾತಿಯ ಹೆಬ್ಬಾತುಗಳ ಹಿಕ್ಕೆ ನೋಡಿಕೊಂಡು ಚಾಪೆ ಹಾಸಬೇಕು, ಅಷ್ಟೇ. ಇಲ್ಲವೇ ಸ್ಲುಸ್ಸೆನ್‌ನಿಂದ ದೋಣಿಯಲ್ಲಿ ಯೂರ್ಗೋರ್ಡೆನ್ ದ್ವೀಪ. ಮೆಟ್ರೋದ 75 ನಿಮಿಷದ ಟಿಕೆಟ್ಟೇ ಆ ದೋಣಿಗೂ ನಡೆಯುತ್ತೆ. ಎಲ್ಲಿ ಹೋದರೂ ಡಬ್ಬಿ ತೆರೆದಿಟ್ಟು ಫೋಟೋಗೆ ನಿಂತರೆ ಕಡಲಹಕ್ಕಿ ಬಂದು ಎತ್ತಿಕೊಂಡು ಹೋಗುತ್ತೆ.

ಮತ್ತೆ ಆ ಪ್ರಶ್ನೆ. ಊಟದ ನಡುವೆ ಇನ್ನೊಂದು ಸಲ, ಈಗ ಸ್ವಲ್ಪ ಮೆಲ್ಲಗೆ: "ಯಾರೂ ಊದಲ್ವಾ?" ಎಪ್ಪತ್ತು ದಾಟಿದ ಮನುಷ್ಯ. ಹುಲ್ಲಿಗೆ ಕಾಲಿಟ್ಟಾಗ, ಪಾರ್ಕಿನಲ್ಲಿ ಬುತ್ತಿ ಬಿಚ್ಚಿದಾಗ, ಆರೂವರೆಗೆ ಬೆಂಚಿನಿಂದ ಎಬ್ಬಿಸುವಾಗ ಕೇಳಿದ ಸೀಟಿ ಇಷ್ಟು ದೂರವೂ ಜೊತೆಗೇ ಬಂದಿತ್ತು. ಇಲ್ಲಿ 'ಅಲ್ಲೆಮನ್ಸ್‌ರೆಟ್' ಅಂತ ಒಂದಿದೆ, ಕಾಡು ಮೇಡಿನಲ್ಲಿ ಯಾರು ಬೇಕಾದರೂ ಓಡಾಡುವ, ಕೂರುವ ಹಕ್ಕು. 1994ರಿಂದ ಸಂವಿಧಾನದಲ್ಲೂ ಇದೆ. ಅದರ ನಿಯಮ ಎರಡೇ ಮಾತು: ತೊಂದರೆ ಕೊಡಬೇಡ, ಹಾಳು ಮಾಡಬೇಡ. ಊರೊಳಗಿನ ಪಾರ್ಕಿಗೆ ನಗರದ ಕಾನೂನು ಬೇರೆ, ಮನೆಯಂಗಳಕ್ಕೆ ನುಗ್ಗುವ ಹಾಗಿಲ್ಲ. ಆದರೂ ಇಲ್ಲಿನವರು ಕೂರುವ ರೀತಿಯಲ್ಲೇ ಆ ಹಕ್ಕು ಕಾಣುತ್ತೆ, ಕಾಲು ಚಾಚಿ, ಕಣ್ಣು ಮುಚ್ಚಿ. ನಮ್ಮವರು ಸ್ವಂತ ತೆರಿಗೆಯ ಹುಲ್ಲಿನ ಮೇಲೂ ಕದ್ದು ಕೂರುತ್ತೇವೆ. ಸೀಟಿ ಊದುವ ಕಾವಲುಗಾರನದೇನೂ ತಪ್ಪಿಲ್ಲ, ಪಾಪ, ಅವನಿಗೆ ಕೊಟ್ಟ ಸಾಮಾನು ಅದೊಂದೇ.

ಅಷ್ಟರಲ್ಲಿ ಕಾಲುದಾರಿಯಲ್ಲಿ ಒಬ್ಬಾತ ನೇರ ನಮ್ಮ ಕಡೆಗೇ ಬಂದ. ಕೈಯಲ್ಲಿ ದೊಡ್ಡ ಚೀಲ. ಯಜಮಾನರು ಡಬ್ಬಿ ಮುಚ್ಚಿ ಎದ್ದೇ ನಿಂತರು. ಆತ ಅವರ ಕೈಲಿದ್ದ ಜ್ಯೂಸ್ ಕ್ಯಾನಿನತ್ತ ಬೆರಳು ತೋರಿಸಿದ. ಖಾಲಿ ಕ್ಯಾನನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಠೇವಣಿ ವಾಪಸ್ ಸಿಗುತ್ತೆ, ಬೇಸಿಗೆ ಪೂರ್ತಿ ಪಾರ್ಕುಗಳಲ್ಲಿ ಹೀಗೆ ಆರಿಸುವವರಿರುತ್ತಾರೆ. ಅಷ್ಟು ವಿವರಿಸುವ ಹೊತ್ತಿಗೆ ಯಜಮಾನರು ಉಳಿದ ಅರ್ಧ ಜ್ಯೂಸನ್ನು ಒಂದೇ ಗುಟುಕಿಗೆ ಎತ್ತಿ, ಕ್ಯಾನನ್ನು ಎರಡೂ ಕೈಯಲ್ಲಿ ಅವನಿಗೊಪ್ಪಿಸಿ, ಶೂ ಬಿಚ್ಚಿದರು.