ಗೋಡೆಗೆ ಅಂಟಿಸಿದ ಗುಟ್ಟು

ದೀಪಾವಳಿಗೆ ಮುಂಚೆ ಒಂದು ಹೊಸ ಬಣ್ಣದ ಜೀನ್ಸ್ ಮಾಡಿದ್ದೆವು. ತಿಳಿ ನೀಲಿ, ತೊಡೆಯ ಹತ್ತಿರ ಚೂರು ಹಳದಿ ಹೊಡೆಯುವ ಹಾಗೆ. ಬಣ್ಣ ತಿಳಿ ಮಾಡುವ ಎಂಜೈಮ್ ಎಷ್ಟು, ನೀರು ಎಷ್ಟು ಬಿಸಿ, ಮಷೀನ್ ಎಷ್ಟು ನಿಮಿಷ ತಿರುಗಬೇಕು, ಅಲ್ಲಲ್ಲಿ ಬಣ್ಣ ತೆಗೆಯುವ ಪಿಪಿ (ಪೊಟ್ಯಾಸಿಯಂ ಪರ್ಮಾಂಗನೇಟ್) ಸ್ಪ್ರೇ ಎಷ್ಟು ದೂರದಿಂದ ಹೊಡೆಯಬೇಕು, ಇದೆಲ್ಲಾ ನಾಲ್ಕು ಲಾಟ್ ಹಾಳು ಮಾಡಿಕೊಂಡ ಮೇಲೆ ಸಿಕ್ಕಿದ ಲೆಕ್ಕ. ಮೂರೇ ವಾರಕ್ಕೆ ಅದೇ ಬಣ್ಣ, ಬೇರೆ ಲೇಬಲ್, ನಮಗಿಂತ 40 ರೂಪಾಯಿ ಕಡಿಮೆಗೆ ಬಳ್ಳಾರಿಯಲ್ಲೇ ಮಾರಾಟಕ್ಕೆ ಬಂತು.

ನನಗೆ ಮೊದಲು ಅನುಮಾನ ಬಂದಿದ್ದು ಕಟಿಂಗ್ ಮಾಸ್ಟರ್ ಮೇಲೆ. ಎಂಟು ದಿನ ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ಆಮೇಲೆ ಗೊತ್ತಾಯ್ತು, ತಪ್ಪು ನನ್ನದೇ. ನಮ್ಮಂಥ ಸಣ್ಣ ಯೂನಿಟ್‌ನವರಿಗೆ ಪ್ಯಾಂಟ್ ತೊಳೆದು ಈ ಬಣ್ಣ ತರುವ ವಾಷಿಂಗ್ ಸ್ವಂತದ್ದು ಇರಲ್ಲ, ಕೂಲಿ ಲೆಕ್ಕದಲ್ಲಿ ಹೊರಗೆ ಜಾಬ್ ವರ್ಕ್‌ಗೆ ಕೊಡುತ್ತೇವೆ, ನಾವು ಕೊಡುವ ಕಡೆಯೇ ಎದುರು ಪಾರ್ಟಿಯವರೂ ಕೊಡುತ್ತಾರೆ. ಅಲ್ಲಿಗೆ ನಾನು ಲೆಕ್ಕದ ಚೀಟಿಯ ಫೋಟೋ ವಾಟ್ಸಾಪ್ ಮಾಡಿದ್ದೆ. ಅವರು ಅನುಕೂಲಕ್ಕೆ ಅಂತ ಪ್ರಿಂಟ್ ತೆಗೆದು ಮಷೀನ್ ಪಕ್ಕದ ಗೋಡೆಗೆ ಅಂಟಿಸಿದ್ದರು!

ಕೇಸ್ ಹಾಕೋಣ ಅಂತ ವಕೀಲರ ಹತ್ತಿರ ಹೋದೆ. ವ್ಯಾಪಾರದ ಗುಟ್ಟು ಕಾಯಲು ನಮ್ಮ ದೇಶದಲ್ಲಿ ಪ್ರತ್ಯೇಕ ಕಾಯ್ದೆಯೇ ಇಲ್ಲವಂತೆ, ಅಂಥದ್ದೊಂದು ಬೇಕು ಅಂತ ಕಾನೂನು ಆಯೋಗ 2024ರಲ್ಲಿ ತನ್ನ 289ನೇ ವರದಿಯಲ್ಲಿ ಹೇಳಿದೆ. ಸದ್ಯಕ್ಕೆ ನಾವು ಬರೆಸಿಕೊಂಡ ಕರಾರೇ ಗಟ್ಟಿ. ಅದರಲ್ಲೂ, ಕೆಲಸ ಬಿಟ್ಟವರು ಎದುರಿನವರ ಹತ್ತಿರ ಸೇರಬಾರದು ಅಂತ ಬರೆಸಿಕೊಂಡರೆ ಅದು ನಿಲ್ಲಲ್ಲ, 1872ರ ಕರಾರು ಕಾಯ್ದೆಯ 27ನೇ ಕಲಂ ಅಡ್ಡ ಬರುತ್ತೆ. ಇಲ್ಲಿ ತಿಳಿದ ಗುಟ್ಟನ್ನು ಹೊರಗೆ ಹೇಳಬಾರದು ಅಂತ ಬರೆಸಿಕೊಳ್ಳಬಹುದು. ಯಾರಾದರೂ ನಮ್ಮ ಪ್ಯಾಂಟ್ ಕೊಂಡು, ತಾವೇ ಹತ್ತು ಲಾಟ್ ಪ್ರಯೋಗ ಮಾಡಿ ಅದೇ ಬಣ್ಣ ತಂದರೆ ಅದನ್ನು ಕಳ್ಳತನ ಅನ್ನೋ ಹಾಗಿಲ್ಲ. ಅದು ಸರಿನೇ ಬಿಡಿ, ನಾವೂ ಎಷ್ಟು ಜನರ ಪ್ಯಾಂಟ್ ತಿರುಗಿಸಿ ಮುರುಗಿಸಿ ನೋಡಿಲ್ಲ?

‘ನೀವೇ ಅದನ್ನ ಗುಟ್ಟು ಅಂತ ಇಟ್ಟಿದ್ರಾ?’ ಅಂತ ವಕೀಲರು ಕೇಳಿದರು. ಕೋರ್ಟ್ ಕೂಡ ಮೊದಲು ಅದನ್ನೇ ನೋಡುತ್ತಂತೆ. ಗೋಡೆ ನೆನಪಾಗಿ ಸುಮ್ನೆ ಎದ್ದು ಬಂದೆ.

ಈಗ ಪುಡಿಗಳನ್ನು ಮನೆಯಲ್ಲೇ ತೂಗಿ ಬೆರೆಸಿ, ಚೀಲದ ಮೇಲೆ ಬರೀ ನಂಬರ್ ಬರೆದು ಕಳಿಸುತ್ತೇವೆ. ಈ ಕೆಲಸ ನನ್ನ ಹೆಂಡತಿಯದು, ನನಗಿಂತ ಅವಳ ಬಾಯಿ ಗಟ್ಟಿ. ವಾಷಿಂಗ್‌ನವರ ಹತ್ತಿರ ಒಂದು ಪುಟದ ಕರಾರು ಮಾಡಿಸಿದೆ. ನಮ್ಮ ಮಾಲು ಕೊಳ್ಳುವ ಪಾರ್ಟಿಗಳ ನಂಬರ್, ಯಾರಿಗೆ ಯಾವ ರೇಟ್ ಅನ್ನೋದೆಲ್ಲ ಹುಡುಗರ ಸ್ವಂತ ಮೊಬೈಲ್‌ನಲ್ಲಿತ್ತು, ಅದಕ್ಕೆ ಯೂನಿಟ್‌ನದೇ ಒಂದು ಸಿಮ್ ತಂದೆ.

ಮಾಸ್ಟರ್‌ಗೆ ಒಂದಿನ ಮಿರ್ಚಿ ಮಂಡಕ್ಕಿ ಕೊಡಿಸಿ, ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ ಅಂತ ಒಪ್ಪಿಕೊಂಡೆ. ಅವರು ಮಿರ್ಚಿ ಮುರಿಯುತ್ತಾ ಅಂದರು: ‘ಆ ಚೀಟಿ ನಾನೂ ಗೋಡಿ ಮ್ಯಾಲೆ ಓದೀನ್ರೀ ಸಾವ್ಕಾರ್ರೆ. ನೀವೇ ಹಚ್ಚಿಸೀರಿ ಅನ್ಕೊಂಡಿದ್ದೆ.’