ಡೀಸೆಲ್ ಸೋರದ ಕಡೆಯೇ ಗಾಳಿ ನುಗ್ಗುತ್ತದೆ

ತೊಗರಿ ರಾಶಿಯ ಹೊತ್ತಿಗೆ ಹಳೆಯ ಟ್ರ್ಯಾಕ್ಟರ್ ಹತ್ತು ನಿಮಿಷ ಓಡಿ ಬಂದ್ ಬೀಳುತ್ತದೆ. ಹ್ಯಾಂಡ್ ಪಂಪ್ ಹೊಡೆದು, ಡೀಸೆಲ್ ದಾರಿಯಲ್ಲಿ ಸಿಕ್ಕ ಗಾಳಿ, ಅಂದರೆ ಏರ್ ತೆಗೆದರೆ ಮತ್ತೆ ಹತ್ತು ನಿಮಿಷ. ಹಳೆಯ ಜೀಪು, ಟೆಂಪೊಗಳದೂ ಇದೇ ಪಾಡು. ಫಿಲ್ಟರ್ ಬದಲಾಯಿಸಿದರೂ ಸರಿಹೋಗದಿದ್ದರೆ ದೊಡ್ಡ ಪಂಪ್, ಅಂದರೆ ಇಂಜೆಕ್ಟರುಗಳಿಗೆ ಡೀಸೆಲ್ ಒತ್ತುವ ಪಂಪ್ ಬಿಚ್ಚಿಸಿ ಕಲಬುರಗಿಯ ಪಂಪ್ ಅಂಗಡಿಗೆ ಒಯ್ಯುತ್ತಾರೆ. ದಯವಿಟ್ಟು ಅವಸರಪಡಬೇಡಿ. ಆ ಪಂಪಿನ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್‌ಗೆ ಸಾವಿರಾರು ರೂಪಾಯಿ ಹೋಗುತ್ತದೆ. ದೋಷ ಬಹಳ ಸಲ ಒಂದು ತಾಮ್ರದ ವಾಷರಿನಲ್ಲಿರುತ್ತದೆ.

ದೊಡ್ಡ ಪಂಪಿಗೆ ಡೀಸೆಲ್ ಒದಗಿಸುವ ಸಣ್ಣ ಪಂಪೇ ಫೀಡ್ ಪಂಪ್. ಟ್ಯಾಂಕಿನಿಂದ ಅದರವರೆಗೆ ಡೀಸೆಲ್ಲನ್ನು ಎಳೆಯಲಾಗುತ್ತದೆ, ಅಲ್ಲಿಂದ ಮುಂದೆ ತಳ್ಳಲಾಗುತ್ತದೆ. ತಳ್ಳುವ ಕಡೆ ಸಂದು ಬಿದ್ದರೆ ಡೀಸೆಲ್ ಹೊರಗೆ ಜಿನುಗಿ ಕಣ್ಣಿಗೆ ಕಾಣುತ್ತದೆ. ಎಳೆಯುವ ಕಡೆ ಸಂದು ಬಿದ್ದರೆ ಇಂಜಿನ್ ಓಡುವಾಗ ಒಂದು ಹನಿಯೂ ಬೀಳದೆ ಗಾಳಿ ಒಳಗೆ ಹೋಗುತ್ತದೆ. ಪೈಪ್ ಒಣಗಿದೆ, ಆದ್ದರಿಂದ ಸರಿಯಿದೆ ಎಂದು ತಿಳಿಯುವುದೇ ದೊಡ್ಡ ತಪ್ಪು.

ಇದನ್ನು ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. 5 ಲೀಟರಿನ ಶುಭ್ರ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಫೀಡ್ ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರಿನಿಂದ ದೂರ ಕಟ್ಟಿ. ಟ್ಯಾಂಕಿನ ಪೈಪ್ ಕಳಚಿ, ಕ್ಯಾನಿನಿಂದ ಹೊಸ ರಬ್ಬರ್ ಪೈಪನ್ನು ನೇರ ಫೀಡ್ ಪಂಪಿನ ಒಳಬಾಯಿಗೆ ಕೊಡಿ. ಏರ್ ತೆಗೆದು, ಗಾಡಿ ನಿಂತಲ್ಲೇ ಓಡಿಸಿ. ಉರಿಯದೆ ಹಿಂದಿರುಗುವ ರಿಟರ್ನ್ ಡೀಸೆಲ್ ಟ್ಯಾಂಕಿಗೇ ಹೋಗುವುದರಿಂದ ಕ್ಯಾನ್ ಬೇಗ ಬರಿದಾಗುತ್ತದೆ, ಕಣ್ಣಿಟ್ಟಿರಿ. ಬಂದ್ ಬೀಳದೆ ಓಡಿದರೆ ದೋಷ ಟ್ಯಾಂಕ್ ಮತ್ತು ಫೀಡ್ ಪಂಪಿನ ನಡುವೆ ಇದೆ, ದೊಡ್ಡ ಪಂಪ್ ಬಿಚ್ಚುವ ಮಾತೇ ಬೇಡ. ಆಗಲೂ ಬಂದ್ ಬಿದ್ದರೆ ಫೀಡ್ ಪಂಪ್, ಫಿಲ್ಟರ್ ಕಡೆ ನೋಡಿ.

ಟ್ಯಾಂಕಿನ ಕಡೆ ಎಂದಾದರೆ ಮೊದಲು ಮುಚ್ಚಳ. ಅದರ ಗಾಳಿರಂಧ್ರ ಮಣ್ಣಿನಿಂದ ಮುಚ್ಚಿದ್ದರೆ ಒಳಗೆ ನಿರ್ವಾತ ಆಗಿ ಡೀಸೆಲ್ ಏರುವುದಿಲ್ಲ. ಗಾಡಿ ಬಂದ್ ಬಿದ್ದಾಗ ಮುಚ್ಚಳ ತೆಗೆದರೆ ಬುಸ್ ಎಂದು ಗಾಳಿ ಎಳೆಯುತ್ತದೆ. ಟ್ಯಾಂಕ್ ತುಂಬಿದಾಗ ಚೆನ್ನಾಗಿ ಓಡಿ, ಅರ್ಧಕ್ಕಿಳಿದ ಮೇಲೆ ತೊಂದರೆ ಶುರುವಾದರೆ ಒಳಗಿನ ಎಳೆಯುವ ಕೊಳವೆ ನಡುವೆ ತುಕ್ಕು ಹಿಡಿದು ತೂತಾಗಿರಬಹುದು. ಫೀಡ್ ಪಂಪಿನ ಮುಂಚೆ ಒಂದು ಅಡಿ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆಗಳು ಕಾಣುತ್ತವೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಿರಿ. ನಮ್ಮ ಬೇಸಿಗೆಗೆ, ಇಂಜಿನ್ ಕಾವಿಗೆ ಅದು ಗಟ್ಟಿಯಾಗಿ ಸೀಳುತ್ತದೆ.

ಪೈಪಿನ ಬಳೆಯಂಥ ತುದಿಯನ್ನು ಹಿಡಿದಿಡುವ ಟೊಳ್ಳು ಬೋಲ್ಟ್, ಅಂದರೆ ಬಾಂಜೋ ಬೋಲ್ಟ್ ಬಿಚ್ಚಿದಾಗಲೆಲ್ಲ ಎರಡೂ ಬದಿಯ ತಾಮ್ರದ ವಾಷರ್ ಹೊಸದಾಗಿ ಹಾಕಿ. ಒಮ್ಮೆ ಒತ್ತಿ ಗಟ್ಟಿಯಾದ ತಾಮ್ರ ಮತ್ತೆ ಹೊಂದಿಕೊಳ್ಳುವುದಿಲ್ಲ, ಪಾನಾ ಜೋರಾಗಿ ತಿರುವಿದರೆ ಬೋಲ್ಟಿನ ತಿರುಪಿನ ಎಳೆ ಹರಿಯುತ್ತದೆ ಅಷ್ಟೇ. ಹೊಲದಲ್ಲಿದ್ದು ಹೊಸದು ಸಿಗದಿದ್ದರೆ ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿ. ತಾಮ್ರ ಮತ್ತೆ ಮೆತ್ತಗಾಗುತ್ತದೆ. ಕೆಲವು ಫೀಡ್ ಪಂಪಿನ ಒಳಬಾಯಿಯ ಬೋಲ್ಟಿನಲ್ಲಿ ಸಣ್ಣ ಜಾಲರಿ ಇರುತ್ತದೆ, ಅದನ್ನು ಮರೆಯುವವರು ಬಹಳ. ಹ್ಯಾಂಡ್ ಪಂಪಿನ ಹಿಡಿಯನ್ನು ಕೆಲಸವಾದ ಮೇಲೆ ಒತ್ತಿ ತಿರುಪಿ ಬಿಗಿಯಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಗಾಳಿ ಹೋಗುತ್ತದೆ. ಹೊಡೆದಾಗ ಕೈಗೆ ಬಿಗಿ ಹತ್ತದಿದ್ದರೆ ಒಳಗಿನ ವಾಲ್ವಿನಡಿ ಕಸ ಸಿಕ್ಕಿರಬಹುದು.

ಏರ್ ತೆಗೆಯುವುದು ಡೀಸೆಲ್ ಹೋಗುವ ದಾರಿಯಲ್ಲೇ: ಮೊದಲ ಫಿಲ್ಟರ್, ಎರಡನೇ ಫಿಲ್ಟರ್, ಆಮೇಲೆ ದೊಡ್ಡ ಪಂಪ್. ಒಂದೊಂದರ ಏರ್ ತಿರುಪು ಸಡಿಲಿಸಿ ಹ್ಯಾಂಡ್ ಪಂಪ್ ಹೊಡೆಯಿರಿ. ಒಂದೊಂದರಲ್ಲೂ ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ, ಪಂಪ್ ಹೊಡೆಯುತ್ತಿರುವಾಗಲೇ ಬಿಗಿಯಿರಿ. ಆಗಲೂ ಇಂಜಿನ್ ಸ್ಟಾರ್ಟ್ ಆಗದಿದ್ದರೆ ಇಂಜೆಕ್ಟರ್ ಪೈಪಿನ ನಟ್ಟುಗಳನ್ನು 17 ಅಥವಾ 19ರ ಪಾನಾದಿಂದ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆಯಿರಿ. ಒಂದು ಸಲಕ್ಕೆ 10 ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಸುಡುತ್ತದೆ. ಆ ಚಿಮ್ಮುವ ಡೀಸೆಲ್ಲಿಗೆ ಕೈ ಒಡ್ಡಬೇಡಿ. ಅದರ ಒತ್ತಡ ಚರ್ಮದೊಳಗೆ ಹೋಗುವಷ್ಟಿರುತ್ತದೆ. ಹಾಗೇನಾದರೂ ಆದರೆ ಗಾಯ ಸಣ್ಣದೆಂದು ಬಿಡದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಬೀದರಿನ ಚಳಿಯಲ್ಲಿ ಮುಂಜಾನೆ ಮಾತ್ರ ಸ್ಟಾರ್ಟ್ ಆಗದಿದ್ದರೆ ಚಳಿಯನ್ನು ದೂರುವ ಮೊದಲು ಸೈಲೆನ್ಸರ್ ನೋಡಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದೆ ಇಳಿದಿರಬಹುದು: ಮತ್ತೆ ಅದೇ ಸಂದುಗಳು, ಅದೇ ವಾಷರುಗಳು.

ಬ್ಯಾರಲ್ಲಿನಿಂದ ತುಂಬುವವರು ತಳದ ನಾಲ್ಕು ಬೆರಳು ಡೀಸೆಲ್ ಬಿಟ್ಟುಬಿಡಿ; ನೀರು, ಹೊಲದ ಕರಿಮಣ್ಣು, ಶಹಾಬಾದ್ ಕಡೆಯ ಕಲ್ಲಿನ ಪುಡಿ ಎಲ್ಲ ಅಲ್ಲೇ ಕೂತಿರುತ್ತವೆ. ಫಿಲ್ಟರಿನ ಕೆಳಗಿನಿಂದ ಗಾಜಿನ ಬಾಟಲಿಗೆ ಒಂದಿಷ್ಟು ಬಸಿದು ಹತ್ತು ನಿಮಿಷ ಇಟ್ಟರೆ ನೀರು ಅಡಿಗೆ ನಿಲ್ಲುತ್ತದೆ.

ಡಯಾಫ್ರಂ, ಅಂದರೆ ಬಾಗುವ ತೆಳು ಪರದೆಯಿಂದ ಡೀಸೆಲ್ ಎಳೆಯುವ ಮಾದರಿಯ ಫೀಡ್ ಪಂಪ್ ಇದ್ದರೆ ಇಂಜಿನ್ ಆಯಿಲ್ ಕಡ್ಡಿಯನ್ನೂ ನೋಡಿ. ಆಯಿಲ್ ಏರಿ ಡೀಸೆಲ್ ವಾಸನೆ ಹೊಡೆದರೆ ಡಯಾಫ್ರಂ ಹರಿದಿರಬಹುದು. ತೆಳುವಾದ ಆಯಿಲ್ ಬೇರಿಂಗ್ ತಿಂದುಬಿಡುತ್ತದೆ, ಹಾಗೆಯೇ ಓಡಿಸಬೇಡಿ. ಡಯಾಫ್ರಂ ಜೊತೆ ಆಯಿಲನ್ನೂ, ಆಯಿಲ್ ಫಿಲ್ಟರನ್ನೂ ಬದಲಾಯಿಸಿ.