ಸಂಜೆ ಏಳಕ್ಕೆ ಗುಂಯ್‌ಗುಡುವ 12 ವೋಲ್ಟ್ ಸಪ್ಲೈ

ತೀರ್ಥಹಳ್ಳಿ, ಹೊಸನಗರ ಕಡೆಯ ಒಂಟಿಮನೆಗಳು ಉದ್ದ ಲೈನಿನ ಕೊನೆಯಲ್ಲಿರುತ್ತವೆ. ಸಂಜೆ ಹೊತ್ತು 230 ಇರಬೇಕಾದ ವೋಲ್ಟೇಜ್ 170ಕ್ಕೆ ಇಳಿಯುವುದುಂಟು. ಹಗಲೆಲ್ಲ ಸರಿಯಿದ್ದ ಸಪ್ಲೈ (ಕರೆಂಟನ್ನು 12 ವೋಲ್ಟ್ ಡಿಸಿಗೆ ಇಳಿಸಿಕೊಡುವ ಸರ್ಕ್ಯೂಟ್) ಆಗ ಆಂಪ್ಲಿಫೈಯರಿನಲ್ಲಿ ಗುಂಯ್ ಎನ್ನತೊಡಗಿದರೆ ಎಷ್ಟೋ ಜನ ಮೊದಲು 7812 (ವೋಲ್ಟೇಜನ್ನು 12ಕ್ಕೆ ಹಿಡಿದಿಡುವ ಮೂರು ಕಾಲಿನ ರೆಗ್ಯುಲೇಟರ್ ಐಸಿ) ಕಿತ್ತು ಹೊಸದು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಅದರ ಒಳಬದಿಗೆ ಎಷ್ಟು ಬರುತ್ತಿದೆ ಅಂತ ನೋಡಿ, ಅದೂ ಲೋಡ್ ಇಟ್ಟು.

ಲೋಡಿಗೆ 47 ಓಮ್, 5 ವಾಟಿನ ಎರಡು ರೆಸಿಸ್ಟರ್ ಪ್ಯಾರಲಲ್ ಆಗಿ 12 ವೋಲ್ಟ್ ಔಟ್‌ಪುಟ್ಟಿಗೆ ಕಟ್ಟಿದರೆ ಸಾಕು, ಸುಮಾರು ಅರ್ಧ ಆಂಪಿಯರ್ ಎಳೆಯುತ್ತವೆ. ಚೆನ್ನಾಗಿ ಬಿಸಿಯಾಗುತ್ತವೆ, ಮರದ ಮೇಜಿನ ಮೇಲೆ ಇಡಬೇಡಿ.

ಲೆಕ್ಕ ಹೀಗೆ. 15 ವೋಲ್ಟ್ ಟ್ರಾನ್ಸ್‌ಫಾರ್ಮರಿನ ತುದಿ ವೋಲ್ಟೇಜ್ (ಅಲೆಯ ನೆತ್ತಿಯಲ್ಲಿ ಸಿಗುವ ವೋಲ್ಟೇಜ್, 15ರ 1.414 ಪಟ್ಟು) 21. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಜ್ಜಿನಲ್ಲಿ ಒಂದು ಸಲಕ್ಕೆ ಎರಡು ಡಯೋಡಿಗೆ 1.4 ಹೋದರೆ ಉಳಿಯುವುದು ಹತ್ತಿರ ಹತ್ತಿರ 20. ಮೇನ್ಸ್ (ಮನೆಗೆ ಬರುವ ಲೈನ್) 170 ಆದಾಗ ಅದೇ 14ರ ಆಸುಪಾಸಿಗೆ ಬರುತ್ತದೆ. ಬ್ರಿಜ್ಜಿನ ಮುಂದಿರುವ 2200 ಮೈಕ್ರೋಫ್ಯಾರಡ್ ಕೆಪಾಸಿಟರ್ ಅರ್ಧ ಆಂಪಿಯರಿಗೆ ಎರಡು ನೆತ್ತಿಗಳ ನಡುವೆ ಸುಮಾರು 2 ವೋಲ್ಟ್ ಕುಸಿಯುತ್ತದೆ. ಅಂದರೆ ತಗ್ಗಿನಲ್ಲಿ 12. ಆದರೆ 7812ಕ್ಕೆ ಒಳಬದಿಯಲ್ಲಿ ಕನಿಷ್ಠ 14 ಬೇಕು. ಸೆಕೆಂಡಿಗೆ ನೂರು ಸಲ ಅದರ ಹಿಡಿತ ತಪ್ಪುತ್ತದೆ, ಆ ಗುಂಯ್ ಅದೇ. ಐಸಿಯ ತಪ್ಪು ಏನೂ ಇಲ್ಲ. 18 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿ, ಕೆಪಾಸಿಟರ್ 50 ವೋಲ್ಟಿನದ್ದಿರಲಿ. ಹಗಲು ಪೂರ್ತಿ ವೋಲ್ಟೇಜ್ ಇದ್ದಾಗ ಐಸಿ 5-6 ವಾಟ್ ಬಿಸಿ ಕಕ್ಕಬೇಕಾದ್ದರಿಂದ ಹೀಟ್ ಸಿಂಕ್ ಕೂಡ ದೊಡ್ಡದಾಗಬೇಕು.

ಮೇನ್ಸ್ ಸರಿಯಿದ್ದೂ ಗುಂಯ್ ಅಂದರೆ ಕೆಪಾಸಿಟರಿನ ಎರಡು ಕಾಲಿಗೆ ಮೀಟರನ್ನು ಎಸಿಯಲ್ಲಿ ಇಟ್ಟು ನೋಡಿ. ಅಗ್ಗದ ಮೀಟರುಗಳು ಎಸಿಯಲ್ಲೂ ಡಿಸಿಯನ್ನೇ ಸೇರಿಸಿ ಎರಡು ಪಟ್ಟು ತೋರಿಸುತ್ತವೆ, ಅದಕ್ಕೆ ಒಂದು ಕಡ್ಡಿಗೆ 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸಿನಲ್ಲಿ ಸೇರಿಸಿಕೊಳ್ಳಿ. ಅರ್ಧ-ಮುಕ್ಕಾಲು ವೋಲ್ಟ್ ಬಂದರೆ ಸರಿ. ಒಂದು ದಾಟಿದರೆ ಕೆಪಾಸಿಟರ್ ಒಣಗಿದೆ, ಇಲ್ಲವೇ ಬ್ರಿಜ್ಜಿನ ಒಂದು ಡಯೋಡ್ ಓಪನ್ ಆಗಿದೆ (ಒಳಗೇ ತುಂಡಾಗಿದೆ). ಪ್ಲಗ್ ಕಿತ್ತು, ಕೆಪಾಸಿಟರನ್ನು ರೆಸಿಸ್ಟರಿನಿಂದ ಖಾಲಿ ಮಾಡಿ, ಮೀಟರಿನ ಡಯೋಡ್ ಸ್ಥಾನದಲ್ಲಿ ನಾಲ್ಕೂ ಡಯೋಡ್ ಪರೀಕ್ಷಿಸಿ: ಒಂದು ದಿಕ್ಕಿಗೆ ಮಾತ್ರ 0.5ರಿಂದ 0.7 ವೋಲ್ಟ್ ತೋರಿಸಬೇಕು. ಎರಡೂ ದಿಕ್ಕಿಗೆ ಸೊನ್ನೆ ಬಂದರೆ ಶಾರ್ಟ್. ಫ್ಯೂಸ್ ಹಾಕಿದ ಕೂಡಲೇ ಹಾರಿಹೋಗುತ್ತಿದ್ದರೆ ಇದೇ ಮೊದಲ ಅನುಮಾನ. ಸಿಡಿಲಿನ ಮಳೆ ಕಳೆದ ಮೇಲಂತೂ ಸರಿಯೇ. ದೊಡ್ಡ ಫ್ಯೂಸ್ ತುರುಕಬೇಡಿ, 60 ವಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಮೇನ್ಸ್ ತಂತಿಗೆ ಸೀರೀಸಿನಲ್ಲಿ ಇಟ್ಟು ಪವರ್ ಕೊಡಿ. ಬಲ್ಬು ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಒಳಗೇ ಇದೆ.

ಸ್ವಲ್ಪ ಹೊತ್ತು ನಡೆದು, ನಿಂತು, ತಣ್ಣಗಾದ ಮೇಲೆ ಮತ್ತೆ ಬರುವುದು ಐಸಿ ಬಿಸಿಯಾಗಿ ತನ್ನನ್ನು ತಾನೇ ಮುಚ್ಚಿಕೊಳ್ಳುವುದರಿಂದ. ಹೀಟ್ ಸಿಂಕಿನ ಸ್ಕ್ರೂ ಬಿಗಿ ಮಾಡಿ.

ಮಳೆಗಾಲದಲ್ಲಿ ನನಗೆ ಹೆಚ್ಚು ಹೆದರಿಕೆಯಿರುವುದು ಐಸಿಯ ನಡುಗಾಲಿನ, ಅಂದರೆ ಗ್ರೌಂಡ್ ಕಾಲಿನ ಬಗ್ಗೆ. ಬೆಸುಗೆಯ ಸುತ್ತ ಕೂದಲೆಳೆಯಷ್ಟು ತೆಳ್ಳನೆಯ ಕಪ್ಪು ಉಂಗುರ ಕಂಡರೆ ಅದು ಬಿರುಕು. ಪಕ್ಕದ ತಾಮ್ರದ ಮೇಲೆ ಹಸಿರು ಕಿಲುಬು ಬೇರೆ. ಗ್ರೌಂಡ್ ಬಿಟ್ಟುಹೋದರೆ 12ರ ಜಾಗದಲ್ಲಿ 18-19 ವೋಲ್ಟ್ ಹೊರಗೆ ಬಂದು ಮುಂದಿನ ಉಪಕರಣವನ್ನೇ ಸುಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಟೂತ್‌ಬ್ರಶ್ ಅದ್ದಿ ಉಜ್ಜಿ, ಪೂರ್ತಿ ಒಣಗಿಸಿ, ಹಳೆ ಸೀಸ ಎಳೆದು ಹೊಸದಾಗಿ ಬೆಸೆಯಿರಿ. ಲೋಡನ್ನು ಮತ್ತೆ ಜೋಡಿಸುವ ಮುಂಚೆ ಔಟ್‌ಪುಟ್ ಅಳೆಯಿರಿ: 11.5ರಿಂದ 12.5ರೊಳಗೆ ಇರಬೇಕು.